ಹೊಸ್ತಿಲಿಗೆ ಬಳಿದ ಅರಿಶಿನ

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಎಂಬತ್ತು ದಾಟಿದೆ. ದಸರಾ ಗೊಂಬೆಗಳ ಜೊತೆ ಇಡಲು ತಮ್ಮ ವಿಕ್ಟೋರಿಯಾ ಕಾಲದ ಮರದ ಗೊಂಬೆಮನೆಯನ್ನು ಎರವಲು ಕೊಡುವಾಗ ನನಗೊಂದು ಕೆಲಸವನ್ನೂ ಅಂಟಿಸಿದರು. ಇದು ತನ್ನ ಅಪ್ಪ ಕೈಯಾರೆ ಮಾಡಿದ್ದೆಂದು ಅವರ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರಂತೆ. ಅಂಗಡಿಯಿಂದ ತಂದದ್ದೆಂದು ಮನೆಯವರು ನಗುತ್ತಿದ್ದರಂತೆ.

"ಯಾರು ಹೇಳಿದ್ದು ನಿಜ ಅಂತ ನಾನು ಕಣ್ಣು ಮುಚ್ಚೋದ್ರೊಳಗೆ ಹುಡುಕಿಕೊಡ್ತೀಯಾ?"

ಕಡಲೆಕಾಯಿ ಕಟ್ಟಿದ ಕಾಗದವನ್ನೂ ಬಿಡದೆ ಓದುವವಳು ನಾನು. ಇಂಥದ್ದು ಸಿಕ್ಕರೆ ಕೇಳಬೇಕೆ? ಅಡುಗೆಮನೆಯನ್ನು ಗಂಡನಿಗೊಪ್ಪಿಸಿ ಬರ್ಮಿಂಗ್‌ಹ್ಯಾಮ್‌ನ ಲೈಬ್ರರಿಗೆ ರೈಲು ಹತ್ತಿದೆ. ಹಳೆಯ ಜನಗಣತಿಯಲ್ಲಿ ಆ ಅಜ್ಜಿಯ ಅಪ್ಪನ, ಅಂದರೆ ನಮ್ಮ ಪಕ್ಕದಾಕೆಯ ಮುತ್ತಜ್ಜನ ಹೆಸರಿನ ಮುಂದೆ 'ಬಡಗಿ' ಎಂದಿದ್ದುದನ್ನು ಕಂಡು ಕಿರುಚಿಯೇಬಿಟ್ಟೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಮೇಜಿಗೆ ಹೋದರು. ಆದರೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಗೊಂಬೆಮನೆಯ ಫೋಟೊ ನೋಡಿ, ಬಡಗಿಯಾದರೇನು, ಇದು ಅಂಗಡಿಯದೇ ಎಂದುಬಿಟ್ಟ. ಮೈಯೆಲ್ಲ ಉರಿದುಹೋಯಿತು.

ನವರಾತ್ರಿಯ ಮೊದಲ ದಿನ ಗೊಂಬೆಮನೆಯನ್ನು ಗೊಂಬೆ ಕೂರಿಸುವ ಮೆಟ್ಟಿಲ ಮೇಲಿಟ್ಟೆ. ಹೊಸ್ತಿಲಿಗೆ ಅರಿಶಿನ ಹಚ್ಚದ ಮನೆಯನ್ನು ನಾನು ಕಂಡವಳಲ್ಲ. ಕೈ ತಾನಾಗಿಯೇ ಅರಿಶಿನದ ಬಟ್ಟಲಿಗೆ ಹೋಯಿತು; ಗೊಂಬೆಮನೆಯ ಪುಟ್ಟ ಹೊಸ್ತಿಲಿಗೂ ಬಳಿದುಬಿಟ್ಟೆ.

"ಏ, ಏನ್ ಮಾಡ್ತಿದ್ದೀಯಾ? ಅದು ಆ್ಯಂಟಿಕ್ ಕಣೇ! ಅವ್ರದ್ದು!" ಗಂಡ ಕೂಗಿಕೊಂಡ.

ಒದ್ದೆ ಬಟ್ಟೆಯಿಂದ ಒರೆಸಿದೆ. ಮೇಲಿನದು ಹೋಯಿತು, ಕಪ್ಪು ಮರದ ಗೀರುಗಳೊಳಗೆ ಹೊಕ್ಕ ಹಳದಿ ಹೋಗಲಿಲ್ಲ. ಬಗ್ಗಿ ನೋಡಿದರೆ ಗೀರುಗಳಲ್ಲ, ಕೊರೆದ ಎರಡು ಇಂಗ್ಲಿಷ್ ಅಕ್ಷರಗಳು! ಎರಡನೆಯದು ಸ್ವಲ್ಪ ವಾಲಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಓಡಿ ಆಕೆಯನ್ನು ಕರೆತಂದೆ. ತಪ್ಪೊಪ್ಪಿಕೊಂಡು ಹೊಸ್ತಿಲು ತೋರಿಸಿದೆ. ಆಕೆ ಬಗ್ಗಿ ನೋಡಿದವರೇ ತಿರುಗಿ ಹೊರಟುಹೋದರು. ಮುಗಿಯಿತು, ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಐದೇ ನಿಮಿಷಕ್ಕೆ ಒಂದು ಹಳೆಯ ಉಳಿ ಹಿಡಿದು ಬಂದರು. ಮುತ್ತಜ್ಜನದಂತೆ; ಇಷ್ಟು ವರ್ಷ ಅದರಲ್ಲಿ ಪೇಂಟ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರಂತೆ. ಹಿಡಿಯ ಮೇಲೆ ಅವೇ ಎರಡು ಅಕ್ಷರಗಳು. ಎರಡನೆಯದು ಅದೇ ಕಡೆಗೆ ವಾಲಿತ್ತು.

ನಾನು ಕುಣಿದಾಡಿಬಿಟ್ಟೆ. ಗಂಡ ಸೌಟು ಹಿಡಿದೇ ಚಪ್ಪಾಳೆ ತಟ್ಟಲು ನೋಡಿದ. ಆಕೆ ಮಾತ್ರ ಗೊಂಬೆಮನೆಯ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟರು.

"ಅಜ್ಜಿ ಹೇಳ್ದಾಗ ನಾನೂ ನಕ್ಕಿದ್ದೆ," ಎಂದರು.

ಉಳಿದ ಹಳದಿಯನ್ನೂ ತೆಗೆಸಿಕೊಡುತ್ತೇನೆ ಎಂದೆ. ಆಕೆ ಹೊಸ್ತಿಲಿಗೆ ಅಂಗೈ ಅಡ್ಡ ಇಟ್ಟು ಬೇಡವೆಂದರು.