ಹ್ಯಾರಿಯಟಮ್ಮನ ಜೊತೆ ದುಖಾನಿಗೆ

ಶುಕ್ರವಾರ ಬೆಳಿಗ್ಗೆ ದೋಹಾದ ನಮ್ಮ ಬಡಾವಣೆ ಅಲ್ ಮುಂತಜಾದಿಂದ ಹೊರಟಾಗ ಧೂಳುಗಾಳಿ ಎದ್ದಿತ್ತು. ಪಕ್ಕದ ಸೀಟಿನಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯ ಹ್ಯಾರಿಯಟಮ್ಮ, ಮಡಿಲಲ್ಲಿ ಬಿಸಿ ಪುಂಡಿಯ ಡಬ್ಬಿ. ಕಡಲಂಚಿನ ಕಾರ್ನಿಶ್ ರಸ್ತೆಯ ಬಳಿಯ ಹೋಟೆಲಿನಿಂದ ಅವರ ಅಣ್ಣನ ಮಗ ರೂಪರ್ಟ್‌ನನ್ನು ಹತ್ತಿಸಿಕೊಂಡೆವು. ಆತ ಇಂಗ್ಲೆಂಡಿನ ಒಬ್ಬ ಅರ್ಲ್. ಪದವಿ, ದೊಡ್ಡಮನೆ, ಜಮೀನು ಎಲ್ಲವೂ ತಂದೆಯಿಂದ ಮಗನಿಗೆ ಇಳಿದು ಈಗ ಆತನ ಕೈಗೆ ಬಂದಿವೆ. ಅತ್ತೆ ಬದುಕಿದ ಜಾಗ ನೋಡಬೇಕೆಂದು ಆತನೇ ಕೇಳಿದ್ದ. ದುಖಾನಿಗೆ ಎಂಬತ್ತು ಕಿಲೋಮೀಟರ್, ಟ್ಯಾಕ್ಸಿಯವನು ಬಾಯಿಗೆ ಬಂದಷ್ಟು ಕೇಳುತ್ತಾನೆಂದು ನಾನೇ ಕಾರು ತೆಗೆದಿದ್ದೆ.

ಹ್ಯಾರಿಯಟಮ್ಮ ಹುಟ್ಟಿದ್ದು ಆ ದೊಡ್ಡಮನೆಯಲ್ಲೇ. ಹರೆಯದಲ್ಲಿ ದುಖಾನಿನ ತೈಲ ಕಂಪನಿಯ ಮಕ್ಕಳಿಗೆ ಪಾಠ ಹೇಳಲು ಬಂದವರು, ಅಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದ ಕಾರ್ಕಳದ ಜಯರಾಮ ಶೆಟ್ಟರನ್ನು ಮದುವೆಯಾದರು. ಸುದ್ದಿ ಕೇಳಿ ತಂದೆ ವಿಮಾನ ಹತ್ತಿ ಬಂದರಂತೆ. ಮಗಳು ಹೊರಡಲಿಲ್ಲ. ಅಂದಿನಿಂದ ಆ ಮನೆಯ ಬಾಗಿಲು ಅವರಿಗೆ ಮುಚ್ಚಿತ್ತು. ಶೆಟ್ಟರು ತೀರಿಕೊಂಡ ಮೇಲೆ ಅವರು ದೋಹಾದಲ್ಲಿ ಟೀಚರ್ ಆಗಿರುವ ಮಗಳು ಸುಜಾತಾಳ ಜೊತೆ ಇದ್ದಾರೆ. ಈಗ ನಮ್ಮ ಹಳೆಯ ಕಟ್ಟಡವನ್ನು ಕೆಡವುತ್ತಾರಂತೆ. ಬೇಸಿಗೆಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಹೊಸ ಮನೆಗಳ ಬಾಡಿಗೆ ಕೇಳಿ ತಾಯಿ ಮಗಳು ಇಬ್ಬರೂ ಸುಸ್ತಾಗಿದ್ದರು.

ಶಹಾನಿಯಾ ದಾಟಿದ ಮೇಲೆ ಎರಡೂ ಕಡೆ ಬರೀ ಬಿಳಿಚಿದ ನೆಲ. ಬೇಲಿಯಾಚೆ ಒಂಟೆಗಳ ಸಾಲೊಂದು ಬೆನ್ನಿಗೆ ಬಟ್ಟೆ ಹೊದ್ದು ಹೋಗುತ್ತಿತ್ತು. ಪುಂಡಿಯ ಡಬ್ಬಿ ಹಿಂದಿನ ಸೀಟಿಗೆ ಹೋಯಿತು. ಅಕ್ಕಿತರಿಯ ಆ ಉಂಡೆಯನ್ನು ಅರ್ಲ್ ಅನುಮಾನದಿಂದ ಮೂಸಿದ, ಆಮೇಲೆ ಮೂರು ತಿಂದ. ದೂರದಲ್ಲಿ ಗ್ಯಾಸಿನ ಜ್ವಾಲೆ ಕಂಡಾಗ ಹ್ಯಾರಿಯಟಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು.

ಕಂಪನಿಯ ಕ್ವಾರ್ಟರ್ಸ್ ಗೇಟಿನಲ್ಲಿ ಗಾರ್ಡ್ ತಡೆದ. "ಪಾಸ್ ಮಾಫಿ, ಎಂಟ್ರಿ ಮಾಫಿ," ಎಂದ. ಪಾಸ್ ಇಲ್ಲ, ಒಳಗೆ ಬಿಡುವುದೂ ಇಲ್ಲ. ರೂಪರ್ಟ್ ತನ್ನ ಪದವಿ ಅಚ್ಚಾಗಿದ್ದ ಕಾರ್ಡು ಕೊಟ್ಟ. ಗಾರ್ಡ್ ಅದನ್ನು ಓದಿ ಮರ್ಯಾದೆಯಿಂದಲೇ ವಾಪಸು ಕೊಟ್ಟ. ಬೇಲಿಯ ಹೊರಗಿನಿಂದ ಹ್ಯಾರಿಯಟಮ್ಮ ತಗ್ಗು ಮನೆಗಳ ಸಾಲನ್ನು ತೋರಿಸಿದರು. "ಆ ಬೇವಿನ ಮರದ ಹಿಂದಿನದ್ದು ನಮ್ಮದು. ಮರ ಶೆಟ್ಟರೇ ನೆಟ್ಟದ್ದು," ಎಂದು ನನಗೆ ಕರಾವಳಿಯ ಕನ್ನಡದಲ್ಲಿ ಹೇಳಿದರು.

ಊರಿನ ಚಹಾದಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದಿದ್ದವನು ಮೂಡಬಿದ್ರೆಯ ಸದಾನಂದ. ಹ್ಯಾರಿಯಟಮ್ಮನನ್ನು ಕಂಡವನೇ ಎದ್ದು ನಿಂತು ತುಳುವಿನಲ್ಲಿ ವಿಚಾರಿಸಿಕೊಂಡ. "ಮೇರ್ ಏರ್?" ಎಂದು, ಇವರು ಯಾರೆಂಬಂತೆ ರೂಪರ್ಟ್‌ನತ್ತ ನೋಡಿದ.

"ಎನ್ನ ಅರ್ವತ್ತೆ," ಎಂದರು ಹ್ಯಾರಿಯಟಮ್ಮ.

ನಾನು ಮೈಸೂರಿನವಳು, ತುಳು ಬಾರದು. ರೂಪರ್ಟ್‌ಗೂ ನನಗೂ ಒಟ್ಟಿಗೇ ಅವರು ಅರ್ಥ ಹೇಳಬೇಕಾಯಿತು: ನನ್ನ ಅಣ್ಣನ ಮಗ.

ಚಹಾದ ಲೋಟ ಹಿಡಿದು ಸಮುದ್ರದ ದಡಕ್ಕೆ ಹೋದೆವು. ಗಾಳಿ ಕಡಿಮೆಯಾಗಿತ್ತು. ರೂಪರ್ಟ್ ತಾನು ನಿಜವಾಗಿ ಬಂದ ವಿಷಯ ಎತ್ತಿದ್ದು ಅಲ್ಲಿ. ನಾನು ದೂರ ಸರಿಯಲು ಹೋದರೆ ಹ್ಯಾರಿಯಟಮ್ಮ ನನ್ನ ಕೈ ಹಿಡಿದರು. "ಇಲ್ಲೇ ಇರು ಮಾರಾಯ್ತಿ. ಒಬ್ಬರಾದರೂ ಕೇಳಿಸಿಕೊಳ್ಳಬೇಕು." ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ದೊಡ್ಡಮನೆ ನೋಡಲು ಈಗ ಜನ ಟಿಕೆಟ್ ತಗೊಂಡು ಬರ್ತಾರೆ," ಎಂದ ರೂಪರ್ಟ್. "ತೋಟದ ಮನೆ ಖಾಲಿಯಿದೆ. ಬನ್ನಿ ಅತ್ತೆ, ಇರುವಷ್ಟು ಕಾಲ ಅದು ನಿಮ್ಮದೇ. ವಾರಕ್ಕೊಮ್ಮೆ ಅತಿಥಿಗಳ ಜೊತೆ ಕೂತು ಚಹಾ ಕುಡಿದರೆ ಸಾಕು."

"ಯಾವ ಹೆಸರಿನಲ್ಲಿ?"

"ಲೇಡಿ ಹ್ಯಾರಿಯಟ್ ಅಂತ."

"ಅರ್ಲ್‌ನ ಮಗಳು ಯಾರನ್ನು ಮದುವೆಯಾದರೂ ಲೇಡಿಯೇ, ಆ ಬಿರುದು ಹೋಗುವುದಿಲ್ಲ. ಅದು ನಿಮ್ಮದೇ ಪದ್ಧತಿ. ನಾನು ಲೇಡಿ ಹ್ಯಾರಿಯಟ್ ಶೆಟ್ಟಿ."

"ಬಂದವರಿಗೆ ಅದನ್ನೆಲ್ಲ ವಿವರಿಸುವುದು ಕಷ್ಟ." ಆತ ಮರಳು ನೋಡುತ್ತ ಹೇಳಿದ. "ಸುಜಾತಾ ರಜೆಯಲ್ಲಿ ಬಂದು ಹೋಗಬಹುದು."

"ಬಂದು ಹೋಗಬಹುದು," ಎಂದು ಹ್ಯಾರಿಯಟಮ್ಮ ಮೆಲ್ಲನೆ ಹೇಳಿಕೊಂಡರು. ಅವರ ಕೈ ನನ್ನ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಂಡು ಆತನತ್ತ ತಿರುಗಿದರು.

"ಕೇಳು ರೂಪರ್ಟ್. ನನ್ನ ಗಂಡನ ಕಡೆಯವರಲ್ಲಿ ವಂಶ ನಡೆಯುವುದು ತಾಯಿಯಿಂದ. ಮಕ್ಕಳು ತಾಯಿಯ ಬಳಿಗೆ ಸೇರಿದವರು. ಬಳಿ ಅಂದರೆ ಕುಲದ ಹೆಸರು. ನಾನು ಕಾರ್ಕಳಕ್ಕೆ ಹೋದಾಗ ನೆಂಟರೆಲ್ಲ ಕೂತು ಕೇಳಿದರು, ಈ ಬಿಳಿ ಹುಡುಗಿಗೆ ಬಳಿಯೇ ಇಲ್ಲ, ಇವಳ ಮಕ್ಕಳು ಯಾರ ಪೈಕಿ ಅಂತ. ನನ್ನ ಅತ್ತೆ ಒಳಗಿಂದ ಬಂದು ಹೇಳಿದರು, ಇವಳಿಂದಲೇ ಒಂದು ಬಳಿ ಶುರುವಾಗಲಿ ಅಂತ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ನಿನ್ನ ಅಜ್ಜನ ಮನೆಯಲ್ಲಿ ಹೆಣ್ಣು ಅನ್ನುವ ಕಾರಣಕ್ಕೆ ನನಗೆ ಏನೂ ಇರಲಿಲ್ಲ. ಕಾರ್ಕಳದಲ್ಲಿ ಹೆಣ್ಣು ಅನ್ನುವ ಕಾರಣಕ್ಕೇ ಎಲ್ಲವೂ ನನ್ನಿಂದ ಶುರುವಾಯಿತು. ನನ್ನ ಮಗಳು ನಿನ್ನ ಮನೆಗೆ ಬಂದು ಹೋಗುವವಳಲ್ಲ. ನಾನು ಟಿಕೆಟಿನವರ ಮುಂದೆ ಕೂರುವವಳೂ ಅಲ್ಲ."

"ಬೇಸಿಗೆಗೆ ನಿಮಗೆ ಮನೆಯಿಲ್ಲ ಅತ್ತೆ."

"ಹುಡುಕುತ್ತೇವೆ. ಇಬ್ಬರು ಹೆಂಗಸರಿಗೆ ಎರಡು ಕೋಣೆ ಸಾಕು."

ಆತ ಕೋಪಿಸಿಕೊಳ್ಳಲಿಲ್ಲ. ಲೋಟದಲ್ಲಿ ಉಳಿದ ಚಹಾ ಕುಡಿದು ಕಾರಿನತ್ತ ನಡೆದ. ನನಗೆ ಆತನ ಬಗ್ಗೆ ಕನಿಕರವೂ ಆಯಿತು. ಒಳ್ಳೆಯದನ್ನೇ ಮಾಡಲು ಬಂದಿದ್ದೇನೆಂದು ಆತ ನಿಜವಾಗಿ ನಂಬಿದ್ದ.

ದೋಹಾದತ್ತ ವಾಪಸು ಹೊರಟೆವು. ಬಿಸಿಲು ಏರಿತ್ತು, ರಸ್ತೆ ಖಾಲಿಯಿತ್ತು. ಹ್ಯಾರಿಯಟಮ್ಮ ಒಂದು ನಿದ್ದೆ ತೆಗೆದರು. ಹೋಟೆಲಿನ ಮುಂದೆ ಇಳಿದ ರೂಪರ್ಟ್ ಅವರ ಕಿಟಕಿಯ ಬಳಿ ಬಗ್ಗಿದ.

"ಊರಿನಲ್ಲಿ ಕೇಳಿದರೆ ಏನು ಹೇಳಲಿ?"

"ಬರುವುದಿಲ್ಲ ಅಂದಳು ಅಂತ ಹೇಳು."

"ಯಾಕೆ ಅಂದರೆ?"

"ಮನೆಯಲ್ಲಿದ್ದಾಳೆ ಅಂತ ಹೇಳು."

ಆತ ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಬಾಗಿಲ ಬಳಿ ಹಾಗೇ ನಿಂತಿದ್ದ. ಹ್ಯಾರಿಯಟಮ್ಮ ತಿರುಗಲಿಲ್ಲ. "ಯಲ್ಲಾ, ಬೇಗ ನಡಿ," ಎಂದರು ನನಗೆ. "ಮೀನಿನಂಗಡಿ ಹತ್ತಿರ ಒಮ್ಮೆ ನಿಲ್ಲಿಸು. ಸುಜಾತಾ ಹಸಿದಿರುತ್ತಾಳೆ."