ಬಿರುಕಿಗೆ ಅಂಟಿಸಿದ ಗಾಜು

ಅಂದು ಬೆಳಿಗ್ಗೆಯೂ ಹಾಲು ಕಾಯಲಿಟ್ಟು, ಮಗಳ ಡಬ್ಬಿಗೆ ಚಪಾತಿ ಸುತ್ತಿ, ಮೃಗಶಿರಾ ಮಳೆಗೆ ಒದ್ದೆಯಾಗಿದ್ದ ಅಂಗಳ ದಾಟಿ ಹೋಗಿ ಓಣಿಯ ಗೋಡೆಯ ಗಾಜು ನೋಡಿದೆ. ಮಲ್ಲೇಶಪ್ಪ ಕಾಕಾ ತೀರಿಕೊಂಡು ನಾಲ್ಕು ತಿಂಗಳಾದರೂ ಅವರು ಹಚ್ಚಿದ ಈ ರೂಢಿ ನನ್ನನ್ನು ಬಿಟ್ಟಿರಲಿಲ್ಲ. ಬೆರಳುದ್ದದ ಆ ಗಾಜು ನಟ್ಟನಡುವೆ ಸೀಳಿಹೋಗಿತ್ತು.

ಕಾಕಾ ಶಿರಗುಪ್ಪಿಯ ಗೌಂಡಿ. ಕೇಶ್ವಾಪುರದ ನಮ್ಮ ಓಣಿಯ ಅರ್ಧ ಮನೆಗಳನ್ನು ಕಟ್ಟಿ, ಕೊನೆಯ ಮನೆಯಲ್ಲಿ ಬಾಡಿಗೆಗೆ ಉಳಿದವರು. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಕಿವಿ ಹಚ್ಚುವರು, ಆಮೇಲೆ ಮನೆಯವರನ್ನು ಮಾತಾಡಿಸುವರು. ಬಿರುಕು ಕಂಡರೆ ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಸಿಮೆಂಟಿನಿಂದ ಕೂರಿಸಿ, ಪಕ್ಕದಲ್ಲಿ ಇದ್ದಿಲಿನಿಂದ ತಾರೀಖು ಬರೆಯುವರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ.

“ಕಾಕಾ, ಗೋಡಿಗೆ ಜಾತಕ ಬರಿಯಾಕತ್ತೀರೇನ್ರಿ?” ಎಂದು ಎದುರುಮನೆಯ ಸುಮಕ್ಕ ಕಾಡಿಸುವರು.

“ಹೌದವಾ. ಗಾಳಿ ಕಡೆಯವರು ನೋಡಾಕ ಬರ್ತಾರಲ್ಲ.”

ಒಮ್ಮೆ ಮಗಳು ಕಟ್ಟೆಯ ಮೇಲೆ ಕುಳಿತು ಬರ, ಬಿರುಗಾಳಿ, ಪ್ರವಾಹ ಎಂದು ಪಾಠ ಒಪ್ಪಿಸುತ್ತಿದ್ದಳು. ನನ್ನ ಕಾನ್ವೆಂಟಿನಲ್ಲೂ ಸಿಸ್ಟರ್ ಹಾಗೆಯೇ ಕಲಿಸಿದ್ದರು, ಒಂದೊಂದಕ್ಕೆ ಒಂದೊಂದು ಪಾಠ. ಕಾಕಾ ನಕ್ಕರು. “ಪುಸ್ತಕದಾಗ ಬ್ಯಾರೆ ಬ್ಯಾರೆ ಇರ್ತಾವ ಯವ್ವಾ. ಇಲ್ಲಿ ಎಲ್ಲಾ ಒಂದ ಮನಿಯವು. ಬಿಸಲಿಗೆ ಎರಿ ಮಣ್ಣು ಬಾಯಿ ಬಿಡತೈತಿ. ಆ ಬಾಯಾಗ ಮಳಿ ನೀರು ಇಳೀತೈತಿ. ಆಮ್ಯಾಲೆ ಗಾಳಿ ಬಂದು ಬರೇ ಬೆರಳ ಹಚ್ಚಿದ್ರ ಸಾಕು.” ಹೀಗೆ ಹೇಳುವಾಗ ಅವರ ಕಣ್ಣು ಓಣಿಯ ಗೋಡೆಯ ಮೇಲಿರಲಿಲ್ಲ. ಅದಕ್ಕೆ ಒರಗಿದ್ದ ಬೇವಿನ ಮರವನ್ನೂ, ಮರದ ಮೇಲೆ ಹಾದುಹೋಗಿದ್ದ ಕರೆಂಟಿನ ತಂತಿಯನ್ನೂ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ, ಹಾಸಿಗೆ ಪಕ್ಕದ ಗೋಡೆಗೆ ಅಂಗೈ ಊರಿಕೊಂಡೇ ಮಲಗಿದ್ದರು. “ಗಾಜು ಒಡದ ದಿನ ಗೋಡಿ ಒಂದ ನೋಡಬ್ಯಾಡವಾ. ಅದು ಯಾರನ್ನ ಹಿಡಕೊಂಡು ನಿಂತೈತಿ, ಅವರನ್ನ ನೋಡು.” ಜ್ವರದ ಮಾತು ಅಂದುಕೊಂಡು ನಾನು ಹೊದಿಕೆ ಸರಿಮಾಡಿ ಬಂದೆ.

ಶಾಲೆಯ ವ್ಯಾನಿಗಾಗಿ ಓಣಿಯ ಐದು ಮಕ್ಕಳು ನಿಲ್ಲುವುದು ಆ ಗೋಡೆಯ ಬುಡದಲ್ಲೇ. ಅಂದು ಒಡೆದ ಗಾಜು ಕಂಡಿದ್ದೇ ಅವರನ್ನು ಓಣಿಯ ತುದಿಗೆ ಕರೆದೊಯ್ದು ನಿಲ್ಲಿಸಿದೆ. “ಕಾಕಾನ ಗಾಳಿ ಬಡಕೊಂತೇನ್ರಿ ನಿಮಗ?” ಎಂದು ಸುಮಕ್ಕ ನಕ್ಕರು.

ಮಧ್ಯಾಹ್ನ ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳು ಅಲುಗದೆ ನೇತಾಡುತ್ತಿದ್ದವು. ಯಾರೋ ಹಿಡಿದಿದ್ದ ಉಸಿರು ಬಿಟ್ಟಂತೆ ಸದ್ದಾಯಿತು. ಗೋಡೆ ಉದ್ದಕ್ಕೂ ಮಲಗಿಬಿಟ್ಟಿತು. ಮಕ್ಕಳು ಶಾಲೆಯಲ್ಲಿದ್ದರು.

ಸಂಜೆ ಹತ್ತಿರ ಹೋಗಿ ನೋಡಿದೆ. ಬೇವಿಗೆ ಈಗ ಒರಗಲು ಏನೂ ಉಳಿದಿರಲಿಲ್ಲ. ಬುಡದ ಹಸಿ ಮಣ್ಣು ಒಂದು ಬದಿಗೆ ಮೇಲೆದ್ದಿತ್ತು. ಕೊಂಬೆಗೆ ಸಿಕ್ಕಿದ ತಂತಿ ಬಿಗಿದು ನಿಂತಿತ್ತು. ಒಂದೆಲೆಯೂ ಅಲುಗುತ್ತಿರಲಿಲ್ಲ, ಆದರೂ ಕಾಂಡದೊಳಗೆ ಎಲ್ಲೋ ಕಿರ್ ಕಿರ್ ಎನ್ನುತ್ತಿತ್ತು. ಕರೆಂಟಿನವರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಬರುತ್ತೇವೆಂದರು. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು.

ಸುಮಕ್ಕ ಗೇಟಿನಲ್ಲಿ ನಿಂತು ಕೊತ್ತಂಬರಿ ಸೋಸುತ್ತಲೇ ಅಂದರು: “ಇನ್ನ ಚಿಂತಿಲ್ಲ ಬಿಡ್ರಿ, ಬೀಳೋದು ಬಿತ್ತು. ನಾಳಿಂದ ಹುಡುಗ್ರು ಇಲ್ಲೇ ನಿಂದರಲಿ.”