ಅಡಿಗಿ ಅವ್ವನನ್ನು ಪರೀಕ್ಷೆಗೆ ಕೂರಿಸಿದ್ದು

ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಅಡಿಗಿ ಅವ್ವ ಶಾಲೆಯ ಪಡಸಾಲೆಯುದ್ದಕ್ಕೂ ತಲೆ ತಗ್ಗಿಸಿ ನಡೆಯುತ್ತಿದ್ದರು. ತರಗತಿಗಳ ಬಾಗಿಲಲ್ಲಿ ಮಕ್ಕಳು ಬಿಟ್ಟ ಚಪ್ಪಲಿಗಳನ್ನು ಎಣಿಸಿಕೊಂಡು ಹೋಗಿ ಬಿಸಿಯೂಟಕ್ಕೆ ಅಕ್ಕಿ ಅಳೆಯುತ್ತಿದ್ದರು. ಹಾಜರಿ ಪುಸ್ತಕ ಬರುವಷ್ಟರಲ್ಲಿ ಎಸರು ಕುದಿಯುತ್ತಿರುತ್ತಿತ್ತು. ಅನ್ನ ಮಿಕ್ಕಿದ್ದನ್ನಾಗಲಿ, ಸಾಲದೆ ಬಂದದ್ದನ್ನಾಗಲಿ ನಾನು ಕಾಣೆ.

‘ಇಕಿ ಅಕ್ಕನ ಚಪ್ಪಲಿ ಹಾಕ್ಕೊಂಡ ಬಂದಾಳ ನೋಡ್ರಿ ಅಕ್ಕೋರ. ಅಂದ್ರ ಅಕ್ಕ ಇವತ್ತ ಸಾಲಿಗೆ ಬಂದಿಲ್ಲ, ಮೆಣಸಿನಕಾಯಿ ಬಿಡಸಾಕ ಹೋಗ್ಯಾಳ’ ಎನ್ನುತ್ತಿದ್ದರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳಲು ವಾರಕ್ಕೆರಡು ದಿನ ಹಾನಗಲ್ಲಿನಿಂದ ಆ ಹಳ್ಳಿಗೆ ಹೋಗುತ್ತಿದ್ದವಳು ನಾನು. ಮನಃಶಾಸ್ತ್ರದಲ್ಲಿ ಎಂ.ಎ. ನನ್ನ ಬಳಿ ಬುದ್ಧಿಮತ್ತೆ ಅಳೆಯುವ ಪೆಟ್ಟಿಗೆಯಿತ್ತು: ಬಣ್ಣದ ಕಟ್ಟಿಗೆಯ ತುಂಡು, ಚಿತ್ರದ ಕಾರ್ಡು, ಪ್ರಶ್ನೆಗಳ ಪುಸ್ತಕ, ಸ್ಟಾಪ್‌ವಾಚು.

ಶಾಲಾ ಸಮಿತಿಯ ಅಧ್ಯಕ್ಷನಿಗೆ ಅಡುಗೆಯ ಕೆಲಸ ತನ್ನ ತಮ್ಮನ ಹೆಂಡತಿಗೆ ಬೇಕಿತ್ತು. ‘ಆ ಮುದುಕಿಗೆ ತಲಿ ಇಲ್ರಿ, ಹೆಬ್ಬೆಟ್ಟು. ನಿಮ್ಮ ಪೆಟಗಿಯೊಳಗ ಬುದ್ಧಿ ಅಳಿಯೂ ಮಾಪ ಐತಂತಲ್ಲ, ಆಕಿಗೂ ಒಮ್ಮಿ ಹಚ್ಚಿ ನೋಡ್ರಿ’ ಎಂದ. ಹೆಡ್‌ಮಾಸ್ತರರು ನೆಲ ನೋಡಿದರು. ಪೆಟ್ಟಿಗೆ ಮುಚ್ಚಿಕೊಂಡು ನಾನು ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ನನ್ನ ವಿದ್ಯೆಯನ್ನು ಒಬ್ಬರು ಕೇಳಿದರಲ್ಲ ಎಂದು ಹಿಗ್ಗಿದೆ.

‘ಕುಡಗೋಲು, ಗರಗಸ. ಇವೆರಡೂ ಹೇಗೆ ಒಂದೇ?’ ಎಂದು ಅಡಿಗಿ ಅವ್ವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ.

‘ಒಂದ ಹೆಂಗ ಆಕ್ಕಾವ್ರಿ? ಕುಡಗೋಲಿಲೆ ಭತ್ತ ಕೊಯ್ತಾರ. ಗರಗಸ ತಗೊಂಡ ಹೊಲಕ್ಕ ಹ್ವಾದ್ರ ಮಂದಿ ನಗ್ತಾರ.’

ಎರಡೂ ಉಪಕರಣ ಎನ್ನಬೇಕಿತ್ತು. ಸೊನ್ನೆ ಹಾಕಿದೆ. ಐದು, ಎಂಟು, ಎರಡು ಎಂದು ಹೇಳಿ, ಹಿಂದಿನಿಂದ ಹೇಳಿ ಎಂದೆ. ‘ಹಿಂದಿಂದ ಯಾಕ್ರಿ? ನೀವ ಹೇಳಿ ನೀವ ಮರತ್ರೇನು?’ ಎಂದು ನಕ್ಕರು. ಮತ್ತೆ ಸೊನ್ನೆ.

ಎಲ್ಲ ಕೆಲಸದ ಹಿಂದೆಯೂ ಒಂದೇ ಸಾಮಾನ್ಯ ಬುದ್ಧಿ ಇದೆಯೆಂಬ ವಾದವನ್ನೂ, ಬುದ್ಧಿ ಒಂದಲ್ಲ ಹಲವು ಎಂಬ ವಾದವನ್ನೂ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಯಾವ ಬಗೆಯ ಜನರ ಮೇಲೆ ಮಾಪನ ರೂಪುಗೊಂಡಿತೋ ಅವರಿಗೆ ಮಾತ್ರ ಅದು ಸಲ್ಲುತ್ತದೆ ಎಂಬುದೂ ಗೊತ್ತಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಂಗಸಿಗೆ, ಶಾಲೆ ಕಲಿತವರ ಪ್ರಶ್ನೆ ಕೇಳಿದೆ. ನೂರು ಸಾಧಾರಣವೆನ್ನುವ ಆ ಮಾಪದಲ್ಲಿ ಅರವತ್ತೆರಡು ಎಂದು ಬರೆದು, ಕೆಳಗೆ ಸಹಿ ಮಾಡಿ ಕೊಟ್ಟೆ. ‘ತಿಂಗಳಾ ಮುಗೀಲಿ, ತಗಿಯೂಣು’ ಎಂದ ಅಧ್ಯಕ್ಷ.

ತಿಂಗಳು ಮುಗಿಯುವ ಮೊದಲೇ ಅಡುಗೆ ಕೋಣೆಗೆ ಬೆಂಕಿ ಬಿತ್ತು. ಗ್ಯಾಸಿನ ಪೈಪು ಸೀಳಿದೆ ಎಂದು ಅಡಿಗಿ ಅವ್ವ ಹೆಡ್‌ಮಾಸ್ತರರಿಗೆ ಮೂರು ಸಲ ಹೇಳಿದ್ದರು. ನಾನು ಅಲ್ಲಿಯೇ ಚಹಾಕ್ಕೆ ನಿಂತಿದ್ದೆ. ಭುಸ್ ಎಂದು ಪೈಪಿನುದ್ದಕ್ಕೂ ಜ್ವಾಲೆ ಎದ್ದಿತು. ‘ಹುಡುಗ್ರನ್ನ ಬಯಲಿಗೆ ಹೊಡೀರಿ!’ ಎಂದು ಅಡಿಗಿ ಅವ್ವ ಕೂಗಿದರು. ಎಲ್ಲರೂ ಓಡಿದರು. ಎಲ್ಲರಿಗಿಂತ ಮೊದಲು ಓಡಿದವಳು ನಾನು.

ಬಯಲು ಸೇರಿ ತಿರುಗಿದರೆ ಅಡಿಗಿ ಅವ್ವ ಬಾಗಿಲಲ್ಲೇ ನಿಂತಿದ್ದಾರೆ. ಅವರ ಕಣ್ಣು ಹೊಸ್ತಿಲ ಬಳಿ ಬಿದ್ದಿದ್ದ ಒಂದು ಜೊತೆ ಪುಟ್ಟ ಚಪ್ಪಲಿಯ ಮೇಲಿತ್ತು. ಅಡುಗೆ ಕೋಣೆಯ ಒಳಗೇ ಅಕ್ಕಿಯ ಕೋಣೆ. ಜ್ವರ ಬಂದ ಒಂದನೇ ತರಗತಿಯ ಹುಡುಗಿಯೊಬ್ಬಳು ಅಲ್ಲಿ ಮೂಟೆಗಳ ಮೇಲೆ ಮಲಗಿದ್ದಳು. ಅವರು ಗೋಣಿಚೀಲವನ್ನು ನೀರಿನ ಹಂಡೆಯಲ್ಲಿ ಅದ್ದಿ, ಮೈಮೇಲೆ ಹೊದ್ದು ಒಳಗೆ ಹೋದರು. ಹುಡುಗಿಯನ್ನು ಹೊತ್ತು ತಂದು ಹೊರಗಿಳಿಸಿ ಮತ್ತೆ ಒಳಗೆ ಹೋದರು, ಅದೇ ಒದ್ದೆ ಚೀಲವನ್ನು ಕೈಗೆ ಸುತ್ತಿಕೊಂಡು ಸಿಲಿಂಡರಿನ ಗುಂಡಿ ತಿರುಗಿಸಿ ಗ್ಯಾಸು ನಿಲ್ಲಿಸಿದರು. ಅವರ ಎಡಗೈ ಮೊಣಕೈವರೆಗೆ ಬೆಂದುಹೋಗಿತ್ತು.

ನಾನು ಆ ಚಪ್ಪಲಿಗಳನ್ನು ದಾಟಿಕೊಂಡೇ ಓಡಿದ್ದೆ. ಈಗಲೂ ಕುಕ್ಕರ್ ಸೀಟಿ ಹೊಡೆದರೆ ಒಲೆ ಆರಿಸಿಬಿಡುತ್ತೇನೆ. ಮನಸ್ಸಿನಲ್ಲಿ ಮತ್ತೆ ಮತ್ತೆ ಅದೇ ಹೊಸ್ತಿಲು ದಾಟುತ್ತೇನೆ, ಒಮ್ಮೆಯೂ ಕೆಳಗೆ ನೋಡುವುದಿಲ್ಲ.

ಸಮಿತಿಯ ಸಭೆಯಲ್ಲಿ ಅಧ್ಯಕ್ಷ ನನ್ನ ಹಾಳೆಯನ್ನೇ ಎತ್ತಿ ಹಿಡಿದ. ‘ಬುದ್ಧಿ ಕಮ್ಮಿ ಅಂತ ಬರದೈತಿ. ಇಂಥಾಕಿ ಕೈಯಾಗ ಗ್ಯಾಸ್ ಕೊಟ್ಟದ್ದಕ್ಕ ಸಾಲಿ ಸುಡತಿತ್ತು.’

ನಾನು ಎದ್ದು ನಿಂತೆ. ‘ಆ ಹಾಳೆ ತಪ್ಪು, ಅದನ್ನ ಹರೀರಿ.’

‘ಬರದವರೂ ನೀವ, ಹರೀರಿ ಅನ್ನೋರೂ ನೀವ? ನೀವು ಡಿಗ್ರಿ ಓದಿದ್ದು ಖರೇನೋ ಸುಳ್ಳೋ?’

ಎಲ್ಲರೂ ನಕ್ಕರು. ಅಡಿಗಿ ಅವ್ವ ಉಳಿಸಿದ ಹುಡುಗಿಯ ತಂದೆಯೂ ಅಲ್ಲಿದ್ದ. ಹೆಡ್‌ಮಾಸ್ತರರು ಪೈಪಿನ ಮಾತೆತ್ತಲಿಲ್ಲ. ಒಂಬತ್ತು ವರ್ಷ ಬೇಯಿಸಿದ ಕೈಯನ್ನು, ಅದರ ಪಟ್ಟಿ ಬಿಚ್ಚುವ ಮೊದಲೇ, ಮನೆಗೆ ಕಳಿಸಿದರು.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಅವರು ಬಲಗೈಯಲ್ಲೇ ಚಹಾ ಸೋಸಿ ಕೊಟ್ಟರು.

‘ಅಕ್ಕೋರ, ನನಗ ಎಷ್ಟ ಬಂದಿತ್ರಿ?’

ಹೇಳಿದೆ.

‘ಪಾಸಾಗಾಕ ಎಷ್ಟ ಬೇಕಿತ್ತು?’

‘ಅದರೊಳಗ ಪಾಸು, ನಪಾಸು ಇಲ್ಲ ಅವ್ವಾ.’

ಅವರು ನನ್ನ ಮುಖವನ್ನೇ ನೋಡಿದರು. ‘ಮತ್ತ ನನ್ನ ಯಾಕ ಕುಂದ್ರಿಸಿದ್ರಿ?’

ಕಳೆದ ಮಳೆಗಾಲದಲ್ಲಿ ಅಡಿಗಿ ಅವ್ವ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ.